ಬೆನ್ನ ಹತ್ತೋದು, ಹಿಂದೆ ಬೀಳೋದು, ಜಾಡು ಹಿಡಿಯೋದು: ಇಂಗ್ಲಿಷಿನಲ್ಲಿ ಯಾವುದಕ್ಕೆ ಯಾವ ಪದ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಕಾಲೇಜು ಹುಡುಗಿಯರು, ಬಟ್ಟೆ ಅಂಗಡಿಯ ಹುಡುಗರು, ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುವವರು, ಮಕ್ಕಳ ಹೋಂವರ್ಕಿಗಾಗಿ ಕಲಿಯುವ ತಾಯಂದಿರು ಬರುತ್ತಾರೆ. ಇವರೆಲ್ಲ ಎಡವುವುದು ಒಂದೇ ಕಡೆ. ಒಬ್ಬರ ಹಿಂದೆ ಇನ್ನೊಬ್ಬರು ಹೋಗುವುದನ್ನು ಹೇಳುವಾಗ.

ನಮ್ಮ ಕಡೆ ಮಾತಿನಲ್ಲಿ 'ಬೆನ್ನ ಹತ್ತು' ಅಂದರೆ ಬಹಳಷ್ಟು ಕೆಲಸ ಮುಗಿಯುತ್ತದೆ. ನಾಯಿ ಬೆನ್ನ ಹತ್ತುತ್ತದೆ. ಸಾಲ ಕೊಟ್ಟವನು ಬೆನ್ನ ಹತ್ತುತ್ತಾನೆ. ಸೈಕಲ್ ಬೇಕು ಅಂತ ಮಗ ಬೆನ್ನ ಹತ್ತುತ್ತಾನೆ. ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಪದ. ಪಾಠದಲ್ಲಿ, ಬಸ್ಸಿನಲ್ಲಿ, ವಾಟ್ಸಾಪಿನಲ್ಲಿ, ಒಂದೆರಡು ಸಲ ಕಾಗದದಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಮೆಟ್ಟಿಲು

ಒಬ್ಬರ ಹಿಂದ ಹೋಗೂದಕ್ಕ 'ಫಾಲೋ' ಅಂದ್ರ ಸಾಕಲ್ಲೇನ್ರಿ? ಇಷ್ಟೆಲ್ಲ ಪದ ಯಾಕ ಬೇಕು?

ಬಹಳ ಸಲ ಸಾಕು. 'ಫಾಲೋ' ಇಂಗ್ಲಿಷಿನ ತೀರ ಹಳೆಯ ಪದಗಳಲ್ಲಿ ಒಂದು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಇದರ ಬಳಗದ 'ಫೋಲ್ಗೆನ್' ಇದೆ. ಈ ಪದದಲ್ಲಿ ಸಿಟ್ಟಿಲ್ಲ, ಓಟವಿಲ್ಲ, ಕೆಟ್ಟ ಉದ್ದೇಶವೂ ಇಲ್ಲ. ಮುಂದೆ ಒಬ್ಬರು, ಹಿಂದೆ ಒಬ್ಬರು, ಅಷ್ಟೇ. ದಾರಿ ತೋರಿಸುವವರ ಹಿಂದೆ ಹೋಗೋದೂ ಫಾಲೋ, ವೈದ್ಯರು ಹೇಳಿದ ಪಥ್ಯ ಮಾಡೋದೂ ಫಾಲೋ, ಮಾತು ತಿಳಿಯಿತಾ ಅಂತ ಕೇಳೋದೂ 'ಡು ಯು ಫಾಲೋ?'.

ತೊಂದರೆ ಬರೋದು ಅದರೊಳಗೆ ಇಲ್ಲದ್ದನ್ನು ಹೇಳಬೇಕಾದಾಗ. ಆಗ ನಾನು ಮಕ್ಕಳಿಗೆ ಮೂರು ಪ್ರಶ್ನೆ ಕೇಳಿಕೊಳ್ಳಿ ಅನ್ನುತ್ತೇನೆ. ಮುಂದೆ ಹೋಗುವವರಿಗೆ ಹಿಂದೆ ಒಬ್ಬರು ಬರುತ್ತಿರೋದು ಗೊತ್ತಾ? ಗೊತ್ತಿದ್ದರೆ ಅದು ಅವರಿಗೆ ಬೇಕಾ? ಹಿಂದೆ ಬರುವವರು ಕೈಗೆ ಸಿಕ್ಕರೆ ಏನು ಮಾಡುತ್ತಾರೆ? ಇದಕ್ಕೆ ಉತ್ತರ ಸಿಕ್ಕರೆ ಪದ ತಾನಾಗಿ ಸಿಗುತ್ತದೆ. ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು.

ನಾಯಿ ಬೆನ್ನ ಹತ್ತಿತ್ತು ಅನ್ನೂದಕ್ಕ 'ಎ ಡಾಗ್ ಫಾಲೋಡ್ ಮಿ' ಅಂದ್ರ ತಪ್ಪೇನ್ರಿ?

ವ್ಯಾಕರಣ ತಪ್ಪಿಲ್ಲ, ಕಥೆ ಬದಲಾಗುತ್ತದೆ. ಹಾಗಂದರೆ ಪಾಪ, ಒಂದು ನಾಯಿ ಬಾಲ ಅಲ್ಲಾಡಿಸುತ್ತ ಮನೆಯವರೆಗೆ ಬಂತು ಅಂತ ಕೇಳಿದವರಿಗೆ ಅನಿಸುತ್ತದೆ. ನೀವು ಚಪ್ಪಲಿ ಬಿಟ್ಟು ಓಡಿದ್ದರೆ 'ಎ ಡಾಗ್ ಚೇಸ್ಡ್ ಮಿ' ಅನ್ನಿ. 'ಚೇಸ್' ಅಂದರೆ ಹಿಡಿಯೋಕೆ ಅಂತ ಓಡೋದು. ಇದೂ 'ಕ್ಯಾಚ್' ಪದವೂ ಒಂದೇ ಲ್ಯಾಟಿನ್ ಬೇರಿನವು. ಫ್ರೆಂಚಿನ ಎರಡು ಬೇರೆ ಸೀಮೆಯ ಉಚ್ಚಾರದಿಂದ ಇಂಗ್ಲಿಷಿಗೆ ಎರಡು ಪದಗಳಾಗಿ ಬಂದವು. ಒಂದು ಅಟ್ಟಿಸಿಕೊಂಡು ಹೋಗುತ್ತದೆ, ಇನ್ನೊಂದು ಹಿಡಿಯುತ್ತದೆ. ಕ್ರಿಕೆಟ್ಟಿನಲ್ಲಿ ರನ್ ಚೇಸ್ ಅನ್ನುವುದೂ ಇದೇ ಪದ. ನಮ್ಮ ಪತ್ರಿಕೆಗಳು ಅದಕ್ಕೆ 'ಗುರಿ ಬೆನ್ನಟ್ಟಿ' ಅಂತ ಬರೆಯುತ್ತವೆ, ಎಷ್ಟು ಚೆನ್ನಾಗಿದೆ ನೋಡಿ.

ಒಂದು ಎಚ್ಚರ. ಪಕ್ಕದಲ್ಲಿ 'ಅವೇ' ಸೇರಿದರೆ ಅರ್ಥ ತಿರುಗುತ್ತದೆ. ತೆನೆ ಕಟ್ಟಿದ ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುತ್ತಾರಲ್ಲ, ಅದು 'ಚೇಸ್ ಅವೇ'. ಅಲ್ಲಿ ಹಿಡಿಯುವ ಆಸೆ ಇಲ್ಲ, ದೂರ ಹೋದರೆ ಸಾಕು.

'ರನ್ ಬಿಹೈಂಡ್' ಸರಿಯೋ, 'ರನ್ ಆಫ್ಟರ್' ಸರಿಯೋ?

ಹಿಡಿಯೋಕೆ ಓಡಿದರೆ 'ರನ್ ಆಫ್ಟರ್'. ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗನ್ನು ಬಸ್ಸಿನಲ್ಲೇ ಬಿಟ್ಟು ಇಳಿದಿರಿ, ಬಸ್ ಹೊರಟಿತು, ನೀವು ಓಡಿದಿರಿ: 'ಐ ರ್‍ಯಾನ್ ಆಫ್ಟರ್ ದ ಬಸ್'. ನಾವು 'ಹಿಂದೆ ಓಡಿದೆ' ಅನ್ನುತ್ತೇವೆ, ಹಾಗಾಗಿ ಬಾಯಿಗೆ 'ಬಿಹೈಂಡ್' ಬರುತ್ತದೆ. ಆದರೆ 'ಬಿಹೈಂಡ್' ಹೇಳೋದು ಜಾಗವನ್ನು ಮಾತ್ರ. 'ದ ಬಸ್ ಈಸ್ ರನ್ನಿಂಗ್ ಬಿಹೈಂಡ್' ಅಂದರೆ ಬಸ್ಸು ತಡವಾಗಿದೆ ಅಂತ.

'ಒಬ್ಬಾಂವ ನನ್ನ ಹಿಂದ ಬಿದ್ದಾನ' ಅನ್ನೂದನ್ನ 'ಹಿ ಹ್ಯಾಸ್ ಫಾಲನ್ ಬಿಹೈಂಡ್ ಮಿ' ಅಂತ ಬರದೆ. ಓದಿದವರಿಗೆ ತಿಳೀಲೇ ಇಲ್ಲ. ಯಾಕ್ರಿ ಅಕ್ಕಾರ?

ಈ ಪ್ರಶ್ನೆ ಕೇಳಿದ ಹುಡುಗಿ ನನ್ನ ಎದುರಿನ ಬೆಂಚಿನಲ್ಲಿ ಕೂತಿದ್ದಳು. ಮಡಚಿ ಮಡಚಿ ಮಾಸಿದ ಕಾಗದ ಕೈಯಲ್ಲಿತ್ತು. ಕೆಲಸದ ಜಾಗದಲ್ಲಿ ದೂರು ಕೊಡೋಕೆ ಇಂಗ್ಲಿಷಿನಲ್ಲೇ ಬರೆಯಬೇಕು ಅಂದಿದ್ದರಂತೆ. ಬರೆದಳು. ಓದಿದವರು, ಅವನು ನಿನಗಿಂತ ಹಿಂದೆ ಬಿದ್ದರೆ ನಿನಗೇನು ತೊಂದರೆ ಅಂತ ಕೇಳಿ ಕಾಗದ ವಾಪಸ್ ಕೊಟ್ಟರು. 'ಫಾಲ್ ಬಿಹೈಂಡ್' ಅಂದರೆ ಓದಿನಲ್ಲಿ, ಕೆಲಸದಲ್ಲಿ, ಕಂತು ಕಟ್ಟೋದರಲ್ಲಿ ಹಿಂದುಳಿಯೋದು. ಅವಳ ಭಯ ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

'ಹಿ ಈಸ್ ಬಿಹೈಂಡ್ ಮಿ' ಅಂದರೆ ಇನ್ನೂ ಕಷ್ಟ. ಅವನು ನನ್ನ ಬೆಂಬಲಕ್ಕಿದ್ದಾನೆ ಅನ್ನುವ ಅರ್ಥವೂ ಅದಕ್ಕಿದೆ. 'ಫಾಲನ್ ಫಾರ್ ಮಿ' ಅಂದರೆ ನನಗೆ ಮನಸೋತಿದ್ದಾನೆ ಅಂತ. ಹಿಂದೆ ಅಲೆಯುವ ವಿಷಯವೇ ಅದರಲ್ಲಿ ಇಲ್ಲ.

ನಾವಿಬ್ಬರೂ ಕೂತು ಮೂರು ವಾಕ್ಯ ಬರೆದೆವು. ದಿನಾ ಸಂಜೆ ಬಸ್ ಸ್ಟಾಪಿನಿಂದ ಹಾಸ್ಟೆಲ್ ತನಕ ಹಿಂದೆ ಬರುತ್ತಾನೆ: 'ಹಿ ಫಾಲೋಸ್ ಮಿ ಫ್ರಂ ದ ಬಸ್ ಸ್ಟಾಪ್ ಟು ದ ಹಾಸ್ಟೆಲ್ ಎವ್ರಿ ಈವ್ನಿಂಗ್'. ಎರಡು ಸಲ ಬೇಡ ಅಂದಿದ್ದೇನೆ: 'ಐ ಹ್ಯಾವ್ ಟೋಲ್ಡ್ ಹಿಂ ಟ್ವೈಸ್ ಟು ಸ್ಟಾಪ್'. ಅವನು ಬಿಟ್ಟಿಲ್ಲ: 'ಹಿ ಹ್ಯಾಸ್ ನಾಟ್ ಸ್ಟಾಪ್ಡ್'. ಒಂದೂ ದೊಡ್ಡ ಪದ ಇಲ್ಲ. ಅವಳು ಮೂರನೆಯ ವಾಕ್ಯವನ್ನು ಎರಡು ಸಲ ಓದಿದಳು. ಆಮೇಲೆ ಕಾಗದವನ್ನು ಮಡಚದೆ ಪುಸ್ತಕದ ನಡುವೆ ಇಟ್ಟುಕೊಂಡಳು.

ನಾ ನಮ್ಮವ್ವನ ಜೋಡಿ ಹೋದೆ ಅನ್ನೂದಕ್ಕ 'ಫಾಲೋ' ಬರ್ತೈತೇನು?

ಬರೋದಿಲ್ಲ. ಜೋಡಿ ಹೋಗೋದು ಪಕ್ಕದಲ್ಲಿ ಹೋಗೋದು. ಮಾತಿನಲ್ಲಿ 'ವೆಂಟ್ ವಿತ್' ಸಾಕು. ಬರಹದಲ್ಲಿ 'ಅಕಂಪನಿ'. ಅದರ ಹಿಂದೆ 'ವಿತ್' ಹಚ್ಚಬೇಡಿ, ಜೊತೆ ಅನ್ನೋದು ಅದರೊಳಗೇ ಇದೆ. ಕರೆಯದೇ ಇದ್ದರೂ ಸವದತ್ತಿ ಜಾತ್ರೆಗೆ ನಾನೂ ಬರ್ತೀನಿ ಅಂತ ಅಕ್ಕನ ಸೆರಗು ಹಿಡಿದು ಹೊರಡುವ ತಮ್ಮನಿಗೆ 'ಟ್ಯಾಗ್ ಅಲಾಂಗ್'. ಇದರಲ್ಲಿ ಪ್ರೀತಿ ಇದೆ.

## ಒಂದು ಹೆಜ್ಜೆ ಮುಂದೆ

ಬಸವಣ್ಣನವರ ಅನುಯಾಯಿ ಅನ್ನೋದಕ್ಕೆ 'ಫಾಲೋವರ್' ಅಂದ್ರೆ ಇನ್‌ಸ್ಟಾಗ್ರಾಂ ಥರ ಆಗಲ್ವಾ ಮೇಡಂ?

ಬಸವನ ಬಾಗೇವಾಡಿಯಿಂದ ಬರುವ ಹುಡುಗ ಕೇಳಿದ್ದು. ಅವನಿಗೆ ನಿಜಕ್ಕೂ ಮುಜುಗರ ಆಗಿತ್ತು. ಹಾಗೇನೂ ಆಗುವುದಿಲ್ಲ. ಗುರುವಿನ ದಾರಿಯಲ್ಲಿ ನಡೆಯುವವರಿಗೆ 'ಫಾಲೋವರ್' ಅನ್ನೋದು ನೂರಾರು ವರ್ಷಗಳಿಂದ ಇದೆ. ಫೋನಿಗೆ ಅದು ಬಂದದ್ದು ಮೊನ್ನೆ ಮೊನ್ನೆ. ಹತ್ತಿರ ಕೂತು ಕಲಿತವರಿಗೆ 'ಡಿಸೈಪಲ್', ಅದರ ಬೇರಿನಲ್ಲಿ ಕಲಿಯೋದು ಅನ್ನುವ ಅರ್ಥವೇ ಇದೆ. ಭಕ್ತರಿಗೆ 'ಡಿವೋಟೀ'.

ಕಾಲ ಮಾತ್ರ ನೋಡಿಕೊಳ್ಳಿ. 'ಐ ಫಾಲೋ ಬಸವಣ್ಣ' ಅಂದರೆ ಅದು ನನ್ನ ಬದುಕಿನ ದಾರಿ. 'ಐ ಆ್ಯಮ್ ಫಾಲೋಯಿಂಗ್' ಅಂದರೆ ಸದ್ಯಕ್ಕೆ, ಈ ಹೊತ್ತಿಗೆ ಅನ್ನುವ ಛಾಯೆ ಬರುತ್ತದೆ. ಮುಂದೆ ಹೋಗುತ್ತಿರುವ ಕಾರಿನ ಹಿಂದೆ ಹೋಗುವಾಗ ಅದು ಸರಿ.

'ಟ್ರ್ಯಾಕ್', 'ಟ್ರೇಲ್', 'ಟ್ರೇಸ್' ಮೂರೂ ಒಂದೇ ಅನಸ್ತಾವ. ಹೆಂಗ ಬ್ಯಾರೆ ಮಾಡೂದು?

ಇದಕ್ಕೆ ಮುಧೋಳಕ್ಕೆ ಹೋಗೋಣ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೀವು ನೋಡಿರಬಹುದು. ಉದ್ದ ಮೂತಿ, ಒಳಗೆ ಸೇರಿದ ಹೊಟ್ಟೆ, ಸಣ್ಣ ಸೊಂಟ, ಉದ್ದ ಕಾಲು. 2005ರಲ್ಲಿ ಅಂಚೆ ಇಲಾಖೆ ದೇಸಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಇದೂ ಇತ್ತು. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ಅಷ್ಟು ದೂರದಲ್ಲಿ ಮೊಲ ಅಲುಗಾಡಿದರೆ ಸಾಕು, ಬಿಟ್ಟ ಬಾಣದಂತೆ ಓಡುತ್ತದೆ. ಅದು ಮಾಡೋದು 'ಚೇಸ್'. ಎದುರಿಗೆ ಕಾಣುವುದರ ಹಿಂದೆ ಓಡೋದು.

ಪೊಲೀಸರ ಶ್ವಾನದಳದ ನಾಯಿ ಬೇರೆ ಥರ. ಕಳ್ಳ ಹೋಗಿ ತಾಸುಗಳಾಗಿವೆ, ಎದುರಿಗೆ ಯಾರೂ ಇಲ್ಲ. ಅದು ಮೂಗನ್ನು ನೆಲಕ್ಕೆ ಹಚ್ಚಿ ವಾಸನೆ ಹಿಡಿದು ನಿಧಾನಕ್ಕೆ ಹೋಗುತ್ತದೆ. ಅದು ಮಾಡೋದು 'ಟ್ರ್ಯಾಕ್'. ನಾವು ಜಾಡು ಹಿಡಿಯೋದು ಅನ್ನುತ್ತೇವೆ. ಓಡಿಹೋದವನು ಬಿಟ್ಟುಹೋದ ಹೆಜ್ಜೆ, ವಾಸನೆ, ರಕ್ತದ ಹನಿ, ಆ ಸಾಲೇ 'ಟ್ರೇಲ್'. ಕೊನೆಗೆ ಅವನೋ ಕಳುವಾದ ಫೋನೋ ಎಲ್ಲಿದೆ ಅಂತ ಪತ್ತೆ ಹಚ್ಚಿದರೆ ಅದು 'ಟ್ರೇಸ್'. ಟ್ರ್ಯಾಕ್ ಮಾಡಿದಿರಿ, ಟ್ರೇಲ್ ನಡುವೆ ಕಡಿಯಿತು, ಟ್ರೇಸ್ ಆಗಲಿಲ್ಲ. ಹೀಗೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ನೋಡಿ, ಮತ್ತೆ ಮರೆಯುವುದಿಲ್ಲ.

ಹಂಗಾದ್ರ ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರಿಗೂ ಇದಕ್ಕೂ ಸಂಬಂಧ ಐತೇನು?

ಇದೆ. ಟ್ರೇಲ್ ಪದದ ಹಳೆಯ ಅರ್ಥ ಎಳೆದುಕೊಂಡು ಹೋಗೋದು. ಹಿಂದೆ ಎಳೆಸಿಕೊಂಡು ಬರೋದು ಟ್ರೇಲರ್. ಕಾರ್ಖಾನೆ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಬ್ಬು ಹೇರಿಕೊಂಡು ಜಮಖಂಡಿ ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರ್ ನೋಡಿದವರಿಗೆ ಈ ಪದ ಕಲಿಸುವುದೇ ಬೇಡ. ಸಿನಿಮಾದ ಟ್ರೇಲರಿಗೂ ಇದೇ ಹೆಸರು, ಮೊದಮೊದಲು ಅದನ್ನು ಸಿನಿಮಾ ಮುಗಿದ ಮೇಲೆ ತೋರಿಸುತ್ತಿದ್ದರು. ಚುನಾವಣೆ ಎಣಿಕೆಯ ದಿನ ಟಿವಿಯಲ್ಲಿ 'ಟ್ರೇಲಿಂಗ್' ಅಂದರೆ ಹಿನ್ನಡೆ.

ಪೊಲೀಸರು ಗೊತ್ತಾಗದಂಗ ಹಿಂದ ಹೋಗೂದಕ್ಕ ಏನಂತಾರ? ಪರೀಕ್ಷೆದಾಗ ಬಂದಿತ್ತು.

'ಟೇಲ್' ಅಥವಾ 'ಶ್ಯಾಡೋ'. ಬಾಲ ಮತ್ತು ನೆರಳು. ಎರಡರಲ್ಲೂ ಮುಂದಿನವನಿಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. 'ಟೇಲ್' ಮಾತಿನ ಪದ, ಗಾಡಿಯಲ್ಲಿ ಹಿಂದೆ ಹೋಗುವಾಗ ಜಾಸ್ತಿ ಕೇಳುತ್ತದೆ. 'ಶ್ಯಾಡೋ'ಗೆ ಇನ್ನೊಂದು ಒಳ್ಳೆಯ ಅರ್ಥವೂ ಇದೆ: ಹೊಸದಾಗಿ ಕೆಲಸಕ್ಕೆ ಸೇರಿದವರು ಹಳಬರ ಜೊತೆಗಿದ್ದು ನೋಡಿ ಕಲಿಯೋದು. ಅಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಬೆಳಗಾವಿ ಅಧಿವೇಶನ ನಡೆದಾಗ ಮಂತ್ರಿ ಗಾಡಿ ಹಿಂದೆ ಮುಂದೆ ಹೋಗೋ ಗಾಡಿಗಳಿಗೆ?

ಮುಂದಿನದು 'ಪೈಲಟ್', ದಾರಿ ಮಾಡಿಕೊಡೋದು. ಕಾವಲಿಗೆ ಜೊತೆಯಲ್ಲಿ ಹೋಗೋದು 'ಎಸ್ಕಾರ್ಟ್'. ಸುವರ್ಣ ವಿಧಾನಸೌಧದ ದಾರಿಯಲ್ಲಿ ಎರಡೂ ಕಾಣುತ್ತವೆ.

ಸಾಲದವರು ಮನಿಗೆ ಬಂದು ಬಂದು ಕಾಡ್ತಾರ. ಇದಕ್ಕೂ 'ಫಾಲೋ' ಅನ್ನಬೇಕೇನ್ರಿ?

ಬೇಡ. 'ಹೌಂಡ್' ಅನ್ನಿ. ಹೌಂಡ್ ಅಂದರೆ ಬೇಟೆ ನಾಯಿ, ನಮ್ಮ ಮುಧೋಳ ನಾಯಿಯನ್ನೂ ಮುಧೋಳ್ ಹೌಂಡ್ ಅಂತಲೇ ಕರೆಯುತ್ತಾರೆ. ಅದೇ ಪದ ಕ್ರಿಯೆಯಾದಾಗ, ಉಸಿರು ಬಿಡೋಕೂ ಬಿಡದೆ ಬೆನ್ನ ಹತ್ತಿ ಕಾಡೋದು. 'ದೇ ಆರ್ ಹೌಂಡಿಂಗ್ ಅಸ್ ಫಾರ್ ದ ಲೋನ್'. ಹೇಳುವವರ ಸಂಕಟ ಈ ಪದದಲ್ಲಿ ಪೂರಾ ಬರುತ್ತದೆ. ಕರ್ನಾಟಕದಲ್ಲಿ 2025ರ ಫೆಬ್ರುವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆಯೇ ಬಂತು. ಮನೆ ಬಾಗಿಲಿಗೆ ಬಂದು ಕೂರುವವರನ್ನು ಕಂಡ ಹೆಂಗಸರಿಗೆ ಅದು ಯಾಕೆ ಬೇಕಾಯಿತು ಅಂತ ಗೊತ್ತು.

ಇದರ ಅಕ್ಕಪಕ್ಕದ ಪದಗಳು ಬೇರೆ ತೂಕದವು. ಸೈಕಲ್ಲಿಗೆ ದುಂಬಾಲು ಬಿದ್ದ ಮಗನಿಗೆ 'ಪೆಸ್ಟರ್'. ಮನುಷ್ಯರಲ್ಲ, ಕಷ್ಟವೋ ಗಾಯವೋ ಬೆನ್ನು ಬಿಡದಿದ್ದರೆ 'ಡಾಗ್ಡ್ ಬೈ'. ಹಳೆಯ ನೆನಪು, ದೆವ್ವ, ಮಾಡಿದ ತಪ್ಪು ಕಾಡಿದರೆ 'ಹಾಂಟ್'.

## ಆಳಕ್ಕೆ ಇಳಿದಾಗ

ಬಯೋಡೇಟಾದಲ್ಲಿ 'ಪರ್ಸ್ಯೂಯಿಂಗ್ ಬಿ.ಕಾಂ.' ಅಂತ ಬರೀತೀವಿ. ಕಳ್ಳನ್ನ ಬೆನ್ನಟ್ಟೋದಕ್ಕೂ 'ಪರ್ಸ್ಯೂ' ಅಂತಾರೆ. ಅದ್ಹೇಗೆ?

ಎರಡರಲ್ಲೂ ಗುರಿ ಇದೆ, ಬಿಡದ ಹಟ ಇದೆ. ಚೇಸ್ ಕಾಲಿನ ಓಟ, ಪರ್ಸ್ಯೂ ಮನಸ್ಸಿನ ಓಟ. ಚೇಸ್ ಹತ್ತು ನಿಮಿಷದಲ್ಲಿ ಮುಗಿಯಬಹುದು, ಪರ್ಸ್ಯೂ ವರ್ಷಗಟ್ಟಲೆ ನಡೆಯಬಹುದು. ಪದವಿ, ಕನಸು, ಕೇಸು, ಎಲ್ಲಕ್ಕೂ ಹೊಂದುತ್ತದೆ. ಉಚ್ಚಾರ ಮಾಡುವಾಗ ಒತ್ತು ಕೊನೆಗೆ ಬೀಳಬೇಕು.

ಇದರ ಬೇರು ಲ್ಯಾಟಿನ್ ಭಾಷೆಯ 'ಸೆಕ್ವಿ', ಹಿಂದೆ ಹೋಗು ಅಂತ ಅರ್ಥ. ಆ ಬೇರಿನ ಬಳ್ಳಿ ಎಲ್ಲೆಲ್ಲಿ ಹಬ್ಬಿದೆ ಅಂತ ನೋಡಿದಾಗ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಒಂದಾದ ಮೇಲೊಂದು ಬರುವ 'ಸೀಕ್ವೆನ್ಸ್', ಮುಂದಿನ ಭಾಗದ 'ಸೀಕ್ವೆಲ್', ಕೋರ್ಟಿಗೆ ಎಳೆಯುವ 'ಸ್ಯೂ', ಕೋರ್ಟಿನ 'ಸೂಟ್'. ಮೊದಲನೆಯದರ ಹಿಂದೆ ಬರುವ 'ಸೆಕೆಂಡ್' ಕೂಡ ಇದೇ ಮನೆಯದು. ಬೆಳಗಾವಿಯ ವಕೀಲರು ದಿನಾ ಆಡುವ ಪದಗಳಲ್ಲಿ ಎಷ್ಟೋ ಈ ಒಂದೇ ಬೇರಿನವು.

'ಪ್ರಾಸಿಕ್ಯೂಟ್', 'ಪರ್ಸಿಕ್ಯೂಟ್' ಬರೆಯುವಾಗ ಯಾವಾಗಲೂ ಅದಲು ಬದಲಾಗುತ್ತದೆ. ನೆನಪಿಡೋದು ಹೇಗೆ?

ಎರಡೂ ಅದೇ 'ಸೆಕ್ವಿ' ಬಳಗದವು. ಕಾನೂನಿನ ದಾರಿಯಲ್ಲಿ ಬೆನ್ನ ಹತ್ತಿದರೆ ಪ್ರಾಸಿಕ್ಯೂಟ್, ಅಂದರೆ ಆರೋಪ ಹೊರಿಸಿ ಮೊಕದ್ದಮೆ ನಡೆಸೋದು. ಜಾತಿ, ಧರ್ಮ, ವಿಚಾರ ನೋಡಿ ಹಿಂಸೆ ಕೊಟ್ಟರೆ ಪರ್ಸಿಕ್ಯೂಟ್. ಪಬ್ಲಿಕ್ ಪ್ರಾಸಿಕ್ಯೂಟರ್ ಅನ್ನುವ ಹುದ್ದೆ ನೆನಪಿಟ್ಟುಕೊಂಡರೆ ಸಾಕು. ಮೊದಲಿನ ಅಕ್ಷರಗಳು ಅದಲು ಬದಲಾದರೆ ಸರ್ಕಾರಿ ವಕೀಲರು ಹಿಂಸೆ ಕೊಡುವವರಾಗಿಬಿಡುತ್ತಾರೆ.

'ಸ್ಟಾಕಿಂಗ್' ಅಂದ್ರೆ ಏನು? ಅಂಗಡಿ ಸ್ಟಾಕೇ ಅಲ್ವಾ? ಜೋಳದ ದಂಟಿಗೂ 'ಸ್ಟಾಕ್' ಅಂತ ಓದಿದ್ದೆ.

ಕನ್ನಡದಲ್ಲಿ ಬರೆದರೆ ಮೂರೂ ಒಂದೇ ಥರ ಕಾಣುತ್ತವೆ, ಅದಕ್ಕೇ ಗೊಂದಲ. ಅಂಗಡಿಯ ಸ್ಟಾಕ್ ಬೇರೆ ಕಾಗುಣಿತದ ಪದ. ದಂಟಿನ ಸ್ಟಾಕ್, ಹಿಂದೆ ಬೀಳುವ ಸ್ಟಾಕ್ ಎರಡರಲ್ಲೂ 'ಎಲ್' ಅಕ್ಷರ ಇದೆ, ಆದರೆ ಬಾಯಲ್ಲಿ ಬರುವುದಿಲ್ಲ. ಕಾಗುಣಿತ ಒಂದೇ ಆದರೂ ಅರ್ಥಕ್ಕೆ ನಂಟಿಲ್ಲ. ಒಂದು ನಮ್ಮ ಕಣಿಕೆ. ಇನ್ನೊಂದು ಸದ್ದಿಲ್ಲದೆ ಹೆಜ್ಜೆ ಇಟ್ಟು ಹೋಗೋದು, ಅದು ಕದಿಯೋದು ಅನ್ನುವ 'ಸ್ಟೀಲ್' ಪದದ ಬಳಗದ್ದು. ಬೇಟೆಗಾರ ಜಿಂಕೆಯ ಹತ್ತಿರ ಹೋಗುವುದಕ್ಕೆ ಈ ಪದ ಇತ್ತು, ಈಗಲೂ ಇದೆ. ಹುಲಿ ಹುಲ್ಲಿನಲ್ಲಿ ಮೈ ತಗ್ಗಿಸಿ ಮಾಡುವುದೂ ಇದೇ.

ಮನುಷ್ಯ ಮನುಷ್ಯರನ್ನು ಹೀಗೆ ಕಾಡುವುದಕ್ಕೆ ಕಾನೂನಿನಲ್ಲಿ ಈ ಹೆಸರು ಬಂದು ಬಹಳ ದಿನ ಆಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1990ರಲ್ಲಿ ಮೊದಲ ಕಾನೂನು ಬಂತು. ಅದರ ಹಿಂದಿನ ವರ್ಷ, ವರ್ಷಗಟ್ಟಲೆ ಬೆನ್ನ ಹತ್ತಿದ್ದವನೊಬ್ಬ ಯುವ ನಟಿಯನ್ನು ಅವಳ ಮನೆ ಬಾಗಿಲಲ್ಲೇ ಕೊಂದಿದ್ದ. ನಮ್ಮಲ್ಲಿ 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಘಟನೆಯ ನಂತರ 2013ರ ತಿದ್ದುಪಡಿಯಲ್ಲಿ ದಂಡ ಸಂಹಿತೆಗೆ 354ಡಿ ಕಲಂ ಸೇರಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಹೆಣ್ಣು ಬೇಡ ಅಂತ ಸ್ಪಷ್ಟವಾಗಿ ತಿಳಿಸಿದ ಮೇಲೂ ಪದೇ ಪದೇ ಹಿಂದೆ ಹೋಗಿ ಮಾತಿಗೆಳೆಯೋದು, ಎಳೆಯಲು ನೋಡೋದು ಅಪರಾಧ. ಅವಳ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡೋದೂ ಅಪರಾಧ. ಮೊದಲ ಸಲ 3 ವರ್ಷದವರೆಗೆ ಸಜೆ ಮತ್ತು ದಂಡ, ಮತ್ತೆ ಮಾಡಿದರೆ 5 ವರ್ಷದವರೆಗೆ.

ಹುಡುಗ ಹುಡುಗಿ ಹಿಂದೆ ಸುತ್ತೋದು ಪ್ರೀತಿ ಅಲ್ವಾ? ಸಿನಿಮಾದಲ್ಲಿ ಹಾಗೇ ತೋರಿಸ್ತಾರೆ. ಎಲ್ಲಿಂದ ಅದು ಸ್ಟಾಕಿಂಗ್ ಆಗುತ್ತೆ?

ಒಬ್ಬ ಹುಡುಗನೇ, ಮನಸಾರೆ ಕೇಳಿದ. ಅದಕ್ಕೆ ನಾನೂ ಮನಸಾರೆ ಉತ್ತರ ಕೊಟ್ಟೆ. ಪ್ರೀತಿ ಕೇಳುವುದಕ್ಕೆ ಇಂಗ್ಲಿಷಿನಲ್ಲಿ 'ವೂ', 'ಕೋರ್ಟ್' ಅನ್ನುವ ಹಳೆಯ ಪದಗಳಿವೆ. ಅವುಗಳಲ್ಲಿ ಎದುರಿನವರ ಉತ್ತರಕ್ಕೆ ಜಾಗ ಇದೆ. ಹೂಂ ಅನ್ನಬಹುದು, ಒಲ್ಲೆ ಅನ್ನಬಹುದು. ಒಲ್ಲೆ ಅಂದ ಮೇಲೆ 'ವೂ' ಮುಗಿಯಿತು. ಆಮೇಲೂ ನೀನು ಅದೇ ಬಸ್ ಸ್ಟಾಪಿನಲ್ಲಿ ನಿಂತರೆ ಅದರ ಹೆಸರು ಸ್ಟಾಕಿಂಗ್. ನಿನ್ನ ಮನಸ್ಸಿನಲ್ಲಿ ಎಷ್ಟು ಪ್ರೀತಿ ಇದೆ ಅನ್ನುವುದರಿಂದ ಆ ಹೆಸರು ಬದಲಾಗುವುದಿಲ್ಲ.

ನಮ್ಮ 'ಹಿಂದೆ ಬಿದ್ದಾನೆ' ಅನ್ನುವ ಮಾತು ಇಲ್ಲಿ ನಮಗೇ ಮೋಸ ಮಾಡುತ್ತದೆ. ಅದನ್ನು ನಗುತ್ತಲೂ ಹೇಳಬಹುದು, ಅಳುತ್ತಲೂ ಹೇಳಬಹುದು. ಮನೆಯಲ್ಲಿ ಮಗಳು ಈ ಮಾತು ಹೇಳಿದಾಗ ಯಾವ ದನಿಯಲ್ಲಿ ಹೇಳಿದಳು ಅಂತ ಕೇಳಿಸಿಕೊಳ್ಳಬೇಕು. 'ಅವಳ ಪ್ರೊಫೈಲ್ ಸ್ಟಾಕ್ ಮಾಡಿದೆ' ಅಂತ ಹುಡುಗರು ಹುಡುಗಿಯರು ತಮಾಷೆಗೆ ಅನ್ನೋದನ್ನೂ ನಾನು ತಿದ್ದುತ್ತೇನೆ. ಫೋಟೋ ನೋಡಿದ್ದಕ್ಕೆ 'ಲುಕ್ಡ್ ಅಪ್' ಅಂದರೆ ಸಾಕು. ಕಾಡಿಸಿಕೊಂಡವರಿಗೆ ಆ ದೊಡ್ಡ ಪದ ಬೇಕಾದಾಗ ಅದರ ತೂಕ ಉಳಿದಿರಬೇಕು.

ದೂರು ಬರೆಯುವಾಗ ಯಾವ ಪದ ಹಾಕಲಿ ಮೇಡಂ? 'ಸ್ಟಾಕಿಂಗ್' ಅಂತ ಬರೆದರೆ ಸಾಕಾ?

ಮೊದಲನೆಯದಾಗಿ, ಪೊಲೀಸ್ ಠಾಣೆಗೆ ಕೊಡುವ ದೂರು ಇಂಗ್ಲಿಷಿನಲ್ಲಿ ಇರಬೇಕಾಗಿಲ್ಲ. ಕನ್ನಡದಲ್ಲೇ ಬರೆಯಿರಿ. ತುರ್ತಾದರೆ 112ಕ್ಕೆ ಫೋನ್ ಮಾಡಿ, ಮಹಿಳಾ ಸಹಾಯವಾಣಿ 181 ಕೂಡ ಇದೆ.

ಕಾಲೇಜಿಗೋ ಕಂಪನಿಗೋ ಇಂಗ್ಲಿಷಿನಲ್ಲೇ ಬೇಕು ಅಂದರೆ 'ಸ್ಟಾಕಿಂಗ್' ಪದವನ್ನು ವಿಷಯದ ಸಾಲಿನಲ್ಲಿ ಹಾಕಿ. ಕೆಳಗೆ ಅದನ್ನೇ ತಿರುಗಿಸಿ ತಿರುಗಿಸಿ ಬರೆಯಬೇಡಿ. ನಡೆದದ್ದನ್ನು ಬರೆಯಿರಿ. ಯಾವ ತಾರೀಖು, ಎಷ್ಟು ಗಂಟೆ, ಎಲ್ಲಿಂದ ಎಲ್ಲಿಯವರೆಗೆ. ನಡೆದು ಬಂದನೋ ಬೈಕಿನಲ್ಲಿ ಬಂದನೋ. ಎಷ್ಟು ಮೆಸೇಜ್, ಯಾವ ನಂಬರಿನಿಂದ. ಮೆಸೇಜುಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿ. ನೀವು ಬೇಡ ಅಂತ ಯಾವ ದಿನ, ಯಾವ ಮಾತಿನಲ್ಲಿ ಹೇಳಿದಿರಿ ಅನ್ನೋದನ್ನು ಒಂದು ಬೇರೆ ಸಾಲಿನಲ್ಲಿ ಬರೆಯಿರಿ. ಹಿಂದೆ ಬೀಳುವವರ ಮಟ್ಟಿಗೆ 78ನೇ ಕಲಂ ನಿಂತಿರುವುದೇ ಆ ಸಾಲಿನ ಮೇಲೆ. 'ಐ ಟೋಲ್ಡ್ ಹಿಂ ನೋ' ಅಂದರೂ ಸಾಕು. ಕ್ಲಾಸಿಗೆ ಸೇರಿದ ಮೊದಲ ವಾರವೇ ಬರೆಯಬಹುದಾದ ವಾಕ್ಯ ಅದು.